ಒಡೆಯದೆ ಮನೆ ಸೇರಲಿ

ಪರದೇಶದಿಂದ ಮರಳಿದವರ ಮನೆಯಲ್ಲಿ ಸುದ್ದಿಗಿಂತ ಮೊದಲು ಬಿಚ್ಚಿಕೊಳ್ಳುವುದು ಪೆಟ್ಟಿಗೆ. 2019ರ ಜೂನ್ ತಿಂಗಳಲ್ಲಿ ನಾವು ದಂಪತಿಗಳು ಇಂಗ್ಲೆಂಡಿನಲ್ಲಿರುವ ಮಗಳ ಮನೆಯಿಂದ ಕಂಬಂ ಪಟ್ಟಣಕ್ಕೆ ಹಿಂದಿರುಗಿದಾಗಲೂ ಹಾಗೆಯೇ ಆಯಿತು. ಅವ್ವ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕಾದಿದ್ದರು. ಪೆಟ್ಟಿಗೆಯನ್ನು ನೆಲಕ್ಕೆ ಇಳಿಸುವಾಗ ಅದರೊಳಗೆ ಸಣ್ಣಗೆ ‘ಕಿಣಿ’ ಎಂದಿತು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಒಳಗಿದ್ದುದು ಸ್ಟೋಕ್-ಆನ್-ಟ್ರೆಂಟ್ ನಗರದಿಂದ ತಂದ ಚಹಾ ಸೆಟ್ಟು: ಒಂದು ಟೀಪಾಟ್, ಆರು ಕಪ್ಪು, ಆರು ಸಾಸರು. ಪಿಂಗಾಣಿಗೆ ಹೆಸರಾದ ಆ ನಗರದಲ್ಲಿ ಜೇಡಿಮಣ್ಣಿಗೆ ಮೂಳೆಯ ಬೂದಿಯನ್ನು ಸುಮಾರು ಅರ್ಧದಷ್ಟು ಬೆರೆಸಿ ‘ಬೋನ್ ಚೈನಾ’ ಮಾಡುತ್ತಾರೆ. ಬೆಳಕಿಗೆ ಹಿಡಿದರೆ ಹಿಂದಿರುವ ಬೆರಳಿನ ನೆರಳು ಕಾಣುವಷ್ಟು ತೆಳುವು. ಬೂದಿಯ ವಿಷಯವನ್ನು ಅವ್ವನಿಗೆ ಹೇಳುವುದು ಬೇಡವೆಂದು ಅಲ್ಲಿಯೇ ನಿಶ್ಚಯಿಸಿದ್ದೆವು.

ಎಚ್ಚರಿಕೆಯಲ್ಲಿ ನಾವೇನೂ ಕಡಿಮೆ ಮಾಡಿರಲಿಲ್ಲ. ಅಂಗಡಿಯವರು ಒಂದೊಂದು ಕಪ್ಪಿಗೂ ಕಾಗದ ಸುತ್ತಿದ್ದರು. ಮಗಳು ಪೆಟ್ಟಿಗೆಯ ನಾಲ್ಕೂ ಕಡೆ ‘ಒಡೆಯುವ ವಸ್ತು’ ಎಂಬ ಚೀಟಿ ಅಂಟಿಸಿದ್ದಳು. ಸಾಲದೆಂಬಂತೆ ನಾವು ಊರಿನಿಂದ ಒಯ್ದಿದ್ದ ದಿಂಡಿಗಲ್ ಬೀಗವನ್ನೂ ಜಡಿದೆವು. ಆದರೆ ಬೀಗ ಕಳ್ಳನ ಕೈಯನ್ನು ತಡೆಯಬಲ್ಲದೇ ಹೊರತು ಪೆಟ್ಟಿಗೆಯನ್ನು ಎತ್ತಿ ಹಾಕುವ ಕೈಯನ್ನಲ್ಲ. ಲಂಡನ್, ಕೊಲಂಬೊ, ಮದುರೆ ಎಂದು ಮೂರು ನಿಲ್ದಾಣಗಳನ್ನು ದಾಟಿ ಬರುವಷ್ಟರಲ್ಲಿ ಟೀಪಾಟಿನ ಕೊಕ್ಕು ಮುರಿದಿತ್ತು. ನಾಲ್ಕು ಕಪ್ಪು ಚೂರಾಗಿದ್ದವು.

ವಿಮಾನ ಸಂಸ್ಥೆಯೊಂದಿಗೆ ನಡೆಸಿದ ಪತ್ರ ವ್ಯವಹಾರದಿಂದ ಹಣವೇನೂ ಮರಳಲಿಲ್ಲ, ತಿಳಿವಳಿಕೆ ಮಾತ್ರ ಬಂತು. ಅದನ್ನು ಸಂಘದ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ 2009ರಲ್ಲಿ ಅದಕ್ಕೆ ಸೇರಿತು. ಸಂಸ್ಥೆಯ ವಶಕ್ಕೆ ಒಪ್ಪಿಸಿದ ಪೆಟ್ಟಿಗೆಗೆ ಹಾನಿಯಾಗಿದ್ದರೆ, ಅದು ಕೈಸೇರಿದ 7 ದಿನಗಳೊಳಗೆ ಬರಹದಲ್ಲಿಯೇ ದೂರು ಕೊಡಬೇಕು. ನಿಲ್ದಾಣದಿಂದ ಹೊರಬೀಳುವ ಮೊದಲೇ ಪೆಟ್ಟಿಗೆ ತೆರೆದು ನೋಡಿ, ಅಲ್ಲಿನ ಕಚೇರಿಯಲ್ಲಿ ಬರೆಯಿಸಿಕೊಂಡರೆ ಇನ್ನೂ ಒಳ್ಳೆಯದು. ಆದರೆ ವಸ್ತುವಿನ ಸ್ವಂತ ದೋಷದಿಂದ ಅಥವಾ ಸ್ವಭಾವದಿಂದಲೇ ಆದ ಹಾನಿಗೆ ಸಂಸ್ಥೆ ಹೊಣೆಯಲ್ಲವೆಂದೂ ಒಪ್ಪಂದ ಹೇಳುತ್ತದೆ. ನಮಗೆ ಬಂದ ಉತ್ತರ ಆ ಮಾತನ್ನೇ ಹಿಡಿದಿತ್ತು. ನಾವಾದರೋ ಮದುರೆಯಲ್ಲಿ ಪೆಟ್ಟಿಗೆ ತೆರೆಯದೆ ಉಸಿಲಂಪಟ್ಟಿ, ಆಂಡಿಪಟ್ಟಿ ದಾಟಿ ಮನೆಗೆ ಬಂದುಬಿಟ್ಟಿದ್ದೆವು.

ಕಾನೂನು ಹೇಳದ ಕಾರಣವನ್ನು ಅವ್ವ ಹೇಳಿದರು. ಅವರು ತಮ್ಮ ಬಾಳಿನ ಬಹುಭಾಗ ನಮ್ಮ ತೋಟದ ಪನ್ನೀರ್ ದ್ರಾಕ್ಷಿಯನ್ನು ಪೆಟ್ಟಿಗೆಗೆ ತುಂಬಿದವರು. ಕಂಬಂ ಕಣಿವೆಯ ಆ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಬಂದಿದೆ. ಗೊಂಚಲನ್ನು ತೊಟ್ಟಿನಲ್ಲಿ ಹಿಡಿಯಬೇಕು. ಬೆರಳು ತಗುಲಿದರೆ ಹಣ್ಣಿನ ಮೇಲಿನ ಬಿಳಿಯ ಹುಡಿ ಅಳಿಯುತ್ತದೆ. ಪೆಟ್ಟಿಗೆಯಲ್ಲಿ ಸಂದು ಉಳಿದರೆ ಲಾರಿ ಕುಮಳಿ ಘಟ್ಟ ಹತ್ತುವಷ್ಟರಲ್ಲಿ ಹಣ್ಣು ಹಣ್ಣಿಗೆ ತಾಗಿ ಬಿರಿಯುತ್ತದೆ. ಅವ್ವ ಉಳಿದ ಕಪ್ಪೊಂದನ್ನು ಅದರ ಕಾಗದದಲ್ಲಿಯೇ ಇಟ್ಟು ಕಿವಿಯ ಬಳಿ ಅಲ್ಲಾಡಿಸಿ ನೋಡಿದರು.

“ಹೊರಗೆಲ್ಲ ಮೆತ್ತಗೆ ಸುತ್ತಿದ್ದೀರಿ, ಒಳಗೆ ಬರಿದು ಬಿಟ್ಟಿದ್ದೀರಿ. ಇದು ಬಿದ್ದು ಒಡೆದಿದ್ದಲ್ಲ, ಅಲ್ಲಾಡಿ ಒಡೆದಿದ್ದು” ಎಂದರು.

ಬಳಿಕ ಅಡುಗೆಮನೆಯ ಮೂಲೆಯಲ್ಲಿದ್ದ ಉಪ್ಪಿನಕಾಯಿ ಭರಣಿಯತ್ತ ಕೈ ತೋರಿದರು. ಅದು ಅಪ್ಪ ಕೊಲಂಬೊದಿಂದ ತಂದದ್ದು. ಮದುವೆಗೆ ಮೊದಲು ಅವರು ಅಲ್ಲಿ ಮಳಿಗೆಯೊಂದರಲ್ಲಿ ಕೆಲಸಕ್ಕಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನು ಕೊಚ್ಚಿಹಾಕುವ ಮೊದಲಿನ ಕಾಲ. ತಲೈಮನ್ನಾರಿನಿಂದ ಧನುಷ್ಕೋಡಿಗೆ ಹಡಗು, ಅಲ್ಲಿಂದ ರೈಲು, ಮದುರೆಯಿಂದ ಬಸ್ಸು. ಭರಣಿಯ ಒಳಗೆ ಬತ್ತದ ಹುಲ್ಲನ್ನು ಗಿಡಿದು, ಹೊರಗೆ ಹುಲ್ಲು ಸುತ್ತಿ, ಗೋಣಿಯಲ್ಲಿ ಹೊಲಿದು, ದಾರಿಯುದ್ದಕ್ಕೂ ತೊಡೆಯ ಮೇಲೆ ಇರಿಸಿಕೊಂಡು ತಂದರಂತೆ. ಅದೇ ಕೊಲಂಬೊ ಮಾರ್ಗವಾಗಿ, ಮೆತ್ತನೆಯ ಆಸನದಲ್ಲಿ ಕುಳಿತು ಬಂದ ನಾವು ಆರರಲ್ಲಿ ಎರಡು ಕಪ್ಪನ್ನು ತಂದಿದ್ದೆವು.

ಆ ಎರಡು ಕಪ್ಪುಗಳನ್ನು ಗಾಜಿನ ಬೀರುವಿನಲ್ಲಿಡಲು ಅವ್ವ ಒಪ್ಪಲಿಲ್ಲ. ದಿನವೂ ಅದರಲ್ಲಿಯೇ ಚಹಾ ಕುಡಿದರು.

2023ರ ಡಿಸೆಂಬರಿನಲ್ಲಿ ಮಗಳು ಏಳು ವರ್ಷದ ಮೊಮ್ಮಗಳೊಂದಿಗೆ ಬಂದಳು. ನಮ್ಮ ಕಣಿವೆಯ ಕನ್ನಡದ ಸ್ಥಿತಿಯನ್ನು ಓದುಗರು ಬಲ್ಲರು. ಮನೆಯೊಳಗಿನ ನುಡಿ ಕನ್ನಡ. ಓದು, ಬರಹ, ಸಂತೆ, ಕಚೇರಿ ಎಲ್ಲವೂ ತಮಿಳು. ಕನ್ನಡ ಅಕ್ಷರಗಳನ್ನು ನಾವು ತಿದ್ದಿದ್ದೇ ನಡುವಯಸ್ಸು ದಾಟಿದ ಮೇಲೆ, ಸಂಘದ ತರಗತಿಯಲ್ಲಿ. ಹೀಗಿರುವಾಗ ಇಂಗ್ಲೆಂಡಿನಲ್ಲಿ ಹುಟ್ಟಿದ ಮಗುವಿಗೆ ಮನೆಮಾತು ಬಾರದೆಂದೇ ತಿಳಿದಿದ್ದೆವು. ಅವ್ವ ಮಾತ್ರ ಅದನ್ನು ಲೆಕ್ಕಿಸದೆ ಅವಳೊಂದಿಗೆ ಕನ್ನಡದಲ್ಲಿಯೇ ಮಾತನಾಡುತ್ತಿದ್ದರು. ಮಗು ತಲೆಯಾಡಿಸುತ್ತಿತ್ತು.

ಮದುರೆಯ ಬಳಿಯ ವಿಲಾಚೇರಿಯ ಮಣ್ಣಿನ ಗೊಂಬೆಗಳು ಪ್ರಸಿದ್ಧವಷ್ಟೆ. ಅಲ್ಲಿಂದ ಮಗು ಒಂದು ಹಸು-ಕರುವಿನ ಗೊಂಬೆಯನ್ನು ಆರಿಸಿ ತಂದಳು. ಕರುವಿನ ಕಿವಿ ಹುಣಿಸೆ ಬೀಜದಷ್ಟು. ಅದು ಲಂಡನ್ ಮುಟ್ಟುವುದಿಲ್ಲವೆಂದು ನಾವೆಲ್ಲ ಒಮ್ಮತದಿಂದ ಹೇಳಿದೆವು. ಅವ್ವ ತಮ್ಮ ಹಳೆಯ ನೂಲಿನ ಸೀರೆಯೊಂದನ್ನು ಹರಿದು ಮಗುವನ್ನು ಎದುರಿಗೆ ಕೂರಿಸಿಕೊಂಡರು. ಬತ್ತದ ಹುಲ್ಲು ಈಗ ಸಲ್ಲದು. ಅನೇಕ ದೇಶಗಳು ಅಂಥದನ್ನು ಗಡಿಯಲ್ಲಿಯೇ ತಡೆಯುತ್ತವೆ.

ಅವ್ವ ತಾವು ಕೈ ಹಾಕಲಿಲ್ಲ. ಬಾಯಲ್ಲಿ ಹೇಳಿದರು, ಮಗು ಮಾಡಿತು. ಮೊದಲು ಕಾಲುಗಳ ಸಂದಿಗೆ, ಕತ್ತಿನ ಕೆಳಗೆ ಬಟ್ಟೆ ತುಂಬು. ಕಿವಿಗೆ ಬೇರೆಯಾಗಿ ಸುತ್ತು, ಬಿಗಿಯಬೇಡ. ಡಬ್ಬಿಯ ತಳಕ್ಕೆ ಬಟ್ಟೆ ಹಾಸು. ಗೋಡೆಗೆ ತಾಗದಂತೆ ನಡುವೆ ಇಡು. ಮೂಲೆಗಳನ್ನು ತುಂಬು. ಮುಚ್ಚಿ ಅಲ್ಲಾಡಿಸು, ಸದ್ದು ಬಂದರೆ ಮತ್ತೆ ಬಿಚ್ಚು. ಮಗು ಮೂರು ಸಲ ಬಿಚ್ಚಿತು. ನಾಲ್ಕನೆಯ ಸಲ ಡಬ್ಬಿ ಮೌನವಾಗಿತ್ತು. “ಇನ್ನು ತೊಡೆಯ ಮೇಲೆ ಇಟ್ಕೊಂಡು ಹೋಗು” ಎಂದರು ಅವ್ವ. ವಿಮಾನ ಏರುವಾಗ ಮತ್ತು ಇಳಿಯುವಾಗ ಅದನ್ನು ಆಸನದ ಕೆಳಗೆ ಇಡಬೇಕಾಗುತ್ತದೆ ಎಂದು ಮಗಳು ತಿಳಿಸಿದಳು, ಅಷ್ಟಕ್ಕೆ ಒಪ್ಪಿಗೆಯಾಯಿತು. ಈ ಹೊತ್ತೆಲ್ಲ ಯಾರೂ ಮಗುವಿಗೆ ಒಂದು ಮಾತನ್ನೂ ಅನುವಾದಿಸಿ ಹೇಳಿರಲಿಲ್ಲವೆಂಬುದು ಅವರು ಹೊರಟುಹೋದ ಮೇಲೆ ನಮಗೆ ಹೊಳೆಯಿತು.

ನಮ್ಮ ಹಿರಿಯರು ಎಂದೋ ಕನ್ನಡ ನಾಡಿನಿಂದ ಈ ಕಣಿವೆಗೆ ಬರುವಾಗ ಮಾತನ್ನೂ ಹೀಗೆಯೇ ತಂದಿರಬೇಕು. ಅಕ್ಷರದ ಪೆಟ್ಟಿಗೆ ಅವರಲ್ಲಿರಲಿಲ್ಲ. ದಿನದ ಕೆಲಸವನ್ನೇ ಅದರೊಳಗೆ ತುಂಬಿದ್ದರು. ಆದ್ದರಿಂದ ಅದು ಅಲ್ಲಾಡಲಿಲ್ಲ.

ಮರುದಿನ ಸಂಜೆ ದೂರವಾಣಿ ಬಂತು. ಮಗಳು ಮಾತು ಆರಂಭಿಸುವ ಮೊದಲೇ ಹಿಂದಿನಿಂದ ಮಗುವಿನ ದನಿ ಕೇಳಿಸಿತು: “ಅಜ್ಜಿ, ಒಡೆದಿಲ್ಲ!”

ಅವ್ವ ಫೋನನ್ನು ನಮ್ಮ ಕೈಯಿಂದ ಕಸಿದುಕೊಂಡರು. “ಕರುವಿನ ಕಿವಿ?”

“ಅದೂ ಒಡೆದಿಲ್ಲ.”