ಪ್ರಾಗ್ ನಗರದಲ್ಲಿ ಒಂದು ದಿನ

ಸ್ಮರಣ ಸಂಪುಟಕ್ಕೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಮೊದಲು ಹಿಂಜರಿದೆನು. ಈ ಶಾಲೆಯಲ್ಲಿಯೇ ಓದಿ, ಮುಂದೆ ಇಲ್ಲಿಯೇ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನಲ್ಲಿ ಹೊಸದಾಗಿ ಹೇಳುವಂಥದು ಏನಿದ್ದೀತು? ಆದರೆ 2019ರ ಮೇ ತಿಂಗಳಿನಲ್ಲಿ ಕಂಡ ಒಂದು ಊರಿನ ನೆನಪು ನನ್ನನ್ನು ಬಿಟ್ಟಿಲ್ಲ. ಅದಕ್ಕೂ ಈ ಶಾಲೆಗೂ ಒಂದು ಸಂಬಂಧವಿದೆ. ಬರೆಯಲು ಒಪ್ಪಿದ್ದು ಅದಕ್ಕಾಗಿಯೇ.

ನನ್ನ ಮಗಳು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಆಕೆಯ ಬಳಿ ಒಂದು ತಿಂಗಳು ಇದ್ದುಬರಲು ನಾನೂ ನನ್ನ ಧರ್ಮಪತ್ನಿಯೂ ಹೋಗಿದ್ದೆವು. ರಜೆಯ ದಿನಗಳಲ್ಲಿ ಆಕೆ ನಮ್ಮನ್ನು ನೆರೆಯ ಜೆಕ್ ದೇಶದ ರಾಜಧಾನಿಯಾದ ಪ್ರಾಗ್‌ಗೆ ಕರೆದೊಯ್ದಳು. ರಾತ್ರಿ ತಲುಪಿ, ಬೆಳಿಗ್ಗೆ ಸ್ನಾನಪೂಜೆಗಳನ್ನು ಮುಗಿಸಿ, ಕಾಲ್ನಡಿಗೆಯಲ್ಲಿಯೇ ಊರು ನೋಡಲು ಹೊರಟೆವು.

ಮೊದಲು ಕಂಡದ್ದು ಹಳೆಯ ಪೇಟೆಯ ಚೌಕ. ಅಲ್ಲಿಯ ಪುರಭವನದ ಗೋಡೆಯಲ್ಲಿ 1410ರಲ್ಲಿ ನಿರ್ಮಿತವಾದ ಗಡಿಯಾರವೊಂದಿದೆ. ಅದು ಗಂಟೆಯನ್ನು ಮಾತ್ರವಲ್ಲದೆ ಸೂರ್ಯಚಂದ್ರರು ರಾಶಿಚಕ್ರದಲ್ಲಿ ಎಲ್ಲಿರುವರೆಂಬುದನ್ನೂ ತೋರಿಸುತ್ತದೆ. ಗಡಿಯಾರ ಮತ್ತು ಪಂಚಾಂಗಗಳೆರಡನ್ನೂ ಒಂದೇ ಯಂತ್ರದಲ್ಲಿ ಅಡಗಿಸಿದಂತಿದೆ. ಗಂಟೆ ತುಂಬುತ್ತಲೇ ಮೇಲಿನ ಎರಡು ಕಿಟಕಿಗಳು ತೆರೆದು ಕ್ರಿಸ್ತನ ಹನ್ನೆರಡು ಶಿಷ್ಯರ ಬೊಂಬೆಗಳು ಒಂದೊಂದಾಗಿ ಹಾದುಹೋದವು. ಪಕ್ಕದಲ್ಲಿದ್ದ ಅಸ್ಥಿಪಂಜರದ ಬೊಂಬೆಯೊಂದು ಹಗ್ಗ ಜಗ್ಗಿ ಗಂಟೆ ಬಾರಿಸಿತು. ಕೊನೆಯಲ್ಲಿ ಹುಂಜವೊಂದು ಕೂಗಿತು. ನೆರೆದ ನೂರಾರು ಜನ ಮಕ್ಕಳಂತೆ ನಕ್ಕರು. ಸಾವು ಗಂಟೆ ಬಾರಿಸುವುದನ್ನು ಕಂಡು ನಗುವ ಜನರೊಡನೆ ನಾವೂ ನಕ್ಕೆವು.

ಅದೇ ಚೌಕದ ನಡುವೆ ಯಾನ್ ಹುಸ್ ಎಂಬ ಧರ್ಮಸುಧಾರಕನ ಭವ್ಯ ಸ್ಮಾರಕವಿದೆ. ಬೆಥ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ ಜನರ ಆಡುಮಾತಾದ ಜೆಕ್ ಭಾಷೆಯಲ್ಲಿಯೇ ಉಪದೇಶ ಮಾಡುತ್ತಿದ್ದ ಆತನನ್ನು 1415ರಲ್ಲಿ ಕಾನ್‌ಸ್ಟನ್ಸ್ ಎಂಬಲ್ಲಿ ಜೀವಂತವಾಗಿ ಸುಟ್ಟರು. ಸರಿಯಾಗಿ ಐನೂರು ವರ್ಷಗಳ ಮೇಲೆ, 1915ರಲ್ಲಿ, ಜನರು ಈ ಸ್ಮಾರಕವನ್ನು ನಿಲ್ಲಿಸಿದರು. ಮಾತೃಭಾಷೆಯ ಮೇಷ್ಟ್ರಾಗಿ ಬಾಳಿದ ನಾನು ಅಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು ಕೈಮುಗಿದೆನು.

ಅಲ್ಲಿಂದ ವಲ್ಟಾವಾ ನದಿಯ ಚಾರ್ಲ್ಸ್ ಸೇತುವೆಗೆ ಬಂದೆವು. ನಾಲ್ಕನೆಯ ಚಾರ್ಲ್ಸ್ ದೊರೆ 1357ರಲ್ಲಿ ಅಸ್ತಿಭಾರ ಹಾಕಿದ ಈ ಕಲ್ಲಿನ ಸೇತುವೆ 516 ಮೀಟರ್ ಉದ್ದವಿದೆ. ಎರಡೂ ಬದಿಗೆ ಸೇರಿ ಮೂವತ್ತು ಪ್ರತಿಮೆಗಳಿವೆ. ಇದರ ಗಾರೆಗೆ ಕೋಳಿಮೊಟ್ಟೆಗಳನ್ನು ಬೆರೆಸಿದ್ದರೆಂಬ ಐತಿಹ್ಯವನ್ನು ಮಗಳು ಹೇಳಿದಾಗ, ನಮ್ಮ ಹಿರಿಯರು ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದುದು ನೆನಪಾಯಿತು. ಸೇತುವೆಯ ಮೇಲೆ ವಾಹನಗಳಿಲ್ಲ. ಚಿತ್ರ ಬರೆಯುವವರು, ವಾದ್ಯ ನುಡಿಸುವವರು, ಕೈಹಿಡಿದು ನಡೆಯುವ ವೃದ್ಧ ದಂಪತಿಗಳು. ಕಲಾವಿದನೊಬ್ಬನು ಇದ್ದಿಲಿನ ಕಡ್ಡಿಯಿಂದ ನನ್ನ ಪತ್ನಿಯ ಮುಖವನ್ನು ಹತ್ತು ನಿಮಿಷದಲ್ಲಿ ಕಾಗದದ ಮೇಲೆ ಮೂಡಿಸಿಕೊಟ್ಟನು. ಹಣೆಯ ವಿಭೂತಿಯನ್ನೂ ಆತ ಮರೆತಿರಲಿಲ್ಲ.

ಸೇತುವೆಯ ಆಚೆಗೆ ಮಾಲಾ ಸ್ತ್ರಾನಾ ಎಂಬ ಹಳೆಯ ಬಡಾವಣೆ. ಮಧ್ಯಾಹ್ನದ ಊಟ ನಮಗೆ ಸುಲಭದ ಮಾತಾಗಿರಲಿಲ್ಲ. ಮಗಳು ಖಾನಾವಳಿಯವನೊಡನೆ ಮಾಂಸ, ಮೊಟ್ಟೆಗಳ ವಿಚಾರವನ್ನು ಕೂಲಂಕಷವಾಗಿ ಕೇಳಿ ತಿಳಿದ ಮೇಲೆ ಬೇಯಿಸಿದ ಆಲೂಗಡ್ಡೆ, ಕರಿ ರೊಟ್ಟಿ ಮತ್ತು ಕ್ನೆಡ್ಲಿಕಿ ಎಂಬ ಭಕ್ಷ್ಯ ಬಂದವು. ಹಿಟ್ಟಿನ ಕಣಕದೊಳಗೆ ಹಣ್ಣನ್ನಿಟ್ಟು ಕುದಿಯುವ ನೀರಿನಲ್ಲಿ ಬೇಯಿಸಿ, ಮೇಲೆ ಕರಗಿದ ಬೆಣ್ಣೆ ಸುರಿದು ಸಕ್ಕರೆ ಉದುರಿಸಿದ್ದರು. "ಇದು ನಮ್ಮ ಕಡುಬೇ ಅಲ್ಲೇನ್ರೀ! ಹೂರಣದ ಬದಲು ಹಣ್ಣು ಇಟ್ಟಾರ, ಅಷ್ಟೇ" ಎಂದು ಪತ್ನಿ ಎರಡನೆಯ ಸಲ ಹಾಕಿಸಿಕೊಂಡಳು.

ಹಣ ಕೊಡುವಾಗ ಮಗಳು ಒಂದು ನೋಟನ್ನು ನನ್ನ ಮುಂದೆ ಹಿಡಿದಳು. "ಅಪ್ಪಾಜಿ, ನೋಡಿರಿ. ಇವರು ನಿಮ್ಮ ವೃತ್ತಿಯವರೇ." ಇನ್ನೂರು ಕೊರುನಾದ ಆ ನೋಟಿನ ಮೇಲೆ ಉದ್ದ ಗಡ್ಡದ ವ್ಯಕ್ತಿಯೊಬ್ಬರ ಚಿತ್ರವಿತ್ತು: ಯಾನ್ ಆಮೋಸ್ ಕೊಮೆನ್ಸ್ಕಿ. ಶಿಕ್ಷಕರ ತರಬೇತಿಯಲ್ಲಿ ಕೊಮೇನಿಯಸ್ ಎಂದು ನಾವು ಉರು ಹೊಡೆದ ಹೆಸರು ಇದೇ. ಹಿಂಬದಿಯಲ್ಲಿ ಹಿರಿಯರ ಕೈಯೂ ಮಗುವಿನ ಕೈಯೂ ಸೇರುವ ಚಿತ್ರ. ಒಬ್ಬ ಉಪಾಧ್ಯಾಯನ ಮುಖವನ್ನು ನಾಣ್ಯದ ವ್ಯವಹಾರದಲ್ಲಿ ದಿನವೂ ಕಣ್ಣೆದುರಿಗೆ ಇಟ್ಟುಕೊಂಡ ದೇಶವಿದು. ಆತನು ಹುಟ್ಟಿದ ಮಾರ್ಚ್ 28ನ್ನೇ ಇವರು ಶಿಕ್ಷಕರ ದಿನವಾಗಿ ಆಚರಿಸುತ್ತಾರೆ.

ಆತನ ಹೆಸರಿನ ಶಿಕ್ಷಣ ವಸ್ತುಸಂಗ್ರಹಾಲಯ ಹತ್ತಿರದಲ್ಲಿಯೇ ಇತ್ತು. ಕೊಮೆನ್ಸ್ಕಿ 1592ರಲ್ಲಿ ಹುಟ್ಟಿದವರು. ಧರ್ಮಕಲಹದಿಂದಾಗಿ 1628ರಲ್ಲಿ ನಾಡು ತೊರೆದು, ಮತ್ತೆಂದೂ ಮರಳಲಾಗದೆ 1670ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು. ಹಲವು ವರ್ಷಗಳ ಅವರ ಹಸ್ತಪ್ರತಿಗಳು 1656ರಲ್ಲಿ ಬೆಂಕಿಗೆ ಆಹುತಿಯಾದವು. ಇಷ್ಟಾದರೂ ಅವರು ಎಲ್ಲರಿಗೂ, ಹೆಣ್ಣುಮಕ್ಕಳಿಗೂ, ಬಡವರಿಗೂ ವಿದ್ಯೆ ಬೇಕೆಂದರು; ಮೊದಲ ಕಲಿಕೆ ತಾಯ್ನುಡಿಯಲ್ಲಿ ಆಗಲೆಂದರು. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಅವರ 'ಆರ್ಬಿಸ್ ಪಿಕ್ಟಸ್', ಅಂದರೆ ಚಿತ್ರಗಳಲ್ಲಿ ಲೋಕ, ಮಕ್ಕಳ ಕೈಗೆ ಚಿತ್ರಗಳ ಮೂಲಕ ಪಾಠವನ್ನಿತ್ತ ಗ್ರಂಥ. ಚಿತ್ರದಲ್ಲಿನ ಒಂದೊಂದು ವಸ್ತುವಿಗೂ ಒಂದೊಂದು ಅಂಕಿ. ಕೆಳಗಿನ ಪಾಠದಲ್ಲಿ ಆ ವಸ್ತುವಿನ ಹೆಸರಿನ ಪಕ್ಕದಲ್ಲಿಯೂ ಅದೇ ಅಂಕಿ. ಮಗು ವಸ್ತುವನ್ನು ಕಂಡು ಮಾತನ್ನು ಕಲಿಯಬೇಕು.

ಅದರ ಅಕ್ಷರಮಾಲೆಯ ಪುಟದ ಮುಂದೆ ನಾನು ನಿಂತುಬಿಟ್ಟೆನು. ಮೊದಲ ಅಕ್ಷರದ ಎದುರಿಗೆ ಇದ್ದುದು ಒಂದು ಕಾಗೆ. ಕಾಗೆ 'ಆ, ಆ' ಎಂದು ಕೂಗುತ್ತದೆ. ಆದ್ದರಿಂದ ಇದು 'ಅ' ಅಕ್ಷರ.

1978ರ ಮಳೆಗಾಲದಲ್ಲಿ ಆರನೆಯ ತರಗತಿಗೆ ಸಂಧಿಪ್ರಕರಣ ಹೇಳುತ್ತಿದ್ದೆನು. ಕಿಟಕಿಯ ಪಕ್ಕದ ಹುಡುಗನೊಬ್ಬ ಹೊರಗಿನ ಹುಣಿಸೆಮರದ ಕಾಗೆಯನ್ನು ತನ್ನ ವಹಿಯಲ್ಲಿ ಬರೆಯುತ್ತಿದ್ದ. ಒದ್ದೆಯಾದ ರೆಕ್ಕೆಯನ್ನು ಕೊಡವುವ ಕಾಗೆ. ನಾನು ಆ ಹಾಳೆಯನ್ನು ಹರಿದು, ಅಂಗೈಗೆ ಎರಡು ಛಡಿ ಕೊಟ್ಟು, ಗಂಟೆ ಮುಗಿಯುವವರೆಗೆ ಹೊರಗೆ ನಿಲ್ಲಿಸಿದೆನು. ದೀಪಾವಳಿಯ ರಜೆ ಕಳೆದ ಮೇಲೆ ಅವನು ಬರಲಿಲ್ಲ. ಮನೆಯಲ್ಲಿ ಬಡತನವಿತ್ತು, ಕಾರಣ ಅದೇ ಇದ್ದೀತು. ಆದರೆ ನಾನು ವಿಚಾರಿಸಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆನು.

ಅನಂತರ ಬೆಟ್ಟದ ಮೇಲಿನ ಅರಮನೆಗೆ ಮೆಟ್ಟಿಲು ಹತ್ತಿದೆವು. ಅಲ್ಲಿಯ ಸಂತ ವಿಟಸ್ ದೇವಾಲಯದ ಕೆಲಸ 1344ರಲ್ಲಿ ಮೊದಲಾಗಿ, ನಡುವೆ ಶತಮಾನಗಳ ಕಾಲ ನಿಂತುಹೋಗಿ, 1929ರಲ್ಲಿ ಪೂರ್ಣವಾಯಿತಂತೆ. ಬಣ್ಣದ ಗಾಜುಗಳಿಂದ ಇಳಿದ ಬೆಳಕು ನೆಲದ ಮೇಲೆ ಚೆಲ್ಲಿತ್ತು. ಸಂಜೆ ಅರಮನೆಯ ಪ್ರಾಕಾರದಲ್ಲಿ ಕುಳಿತು, ಕೆಳಗಿನ ಕೆಂಪು ಹೆಂಚಿನ ಮಾಡುಗಳನ್ನೂ ನೂರಾರು ಗೋಪುರಗಳನ್ನೂ ನೋಡುತ್ತ ಆ ಹುಡುಗನ ಸಂಗತಿಯನ್ನು ಪತ್ನಿಗೆ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅವನ ಹೆಸರು ನೆನಪೈತೇನ್ರೀ?" ಎಂದು ಕೇಳಿದಳು.

ನೆನಪಿತ್ತು. ಕಿಸೆಯ ಪುಸ್ತಕದಲ್ಲಿ ಬರೆದುಕೊಂಡೆನು.

ಊರಿಗೆ ಮರಳಿದ ಮೇಲೆ ಅವನ ಹಳ್ಳಿಗೆ ಹೋದೆನು. ಮನೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಆ ಕುಟುಂಬ ದುಡಿಮೆಗಾಗಿ ಗೋವೆಯ ಕಡೆಗೆ ಹೋಯಿತೆಂದು ಒಬ್ಬರು, ಸೊಲ್ಲಾಪುರಕ್ಕೆ ಹೋಯಿತೆಂದು ಇನ್ನೊಬ್ಬರು ಹೇಳಿದರು. ಕಲಿಕೆ ಮುಗಿಸದೆ ಹೋದವನಾದುದರಿಂದ ನಮ್ಮ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿಯೂ ಅವನ ಹೆಸರಿಲ್ಲ. ಅವನ ಹೆಸರನ್ನು ಇಲ್ಲಿ ಅಚ್ಚುಹಾಕಿಸಲು ನನಗೆ ಹಕ್ಕಿಲ್ಲ. ಆದರೆ ಆ ವರ್ಷ ಆರನೆಯ ತರಗತಿಯಲ್ಲಿ ಕುಳಿತವರು ಈ ಸಂಪುಟವನ್ನು ಓದುತ್ತಿದ್ದರೆ ಅವರಿಗೆ ಅವನು ಯಾರೆಂದು ತಿಳಿದೇ ಇರುತ್ತದೆ. ಎಲ್ಲಿರುವನೆಂದು ಬಲ್ಲವರು ಶಾಲೆಯ ಕಚೇರಿಗೆ ಒಂದು ಮಾತು ತಿಳಿಸಿದರೆ, ಈ ವಯಸ್ಸಿನಲ್ಲಿಯೂ ನಾನು ಅಲ್ಲಿಗೆ ಹೋಗುವೆನು.

ದಾನಿಗಳು ಕಟ್ಟಿಸಿಕೊಟ್ಟ ಹೊಸ ಕೊಠಡಿಗಳಿಗೆ ದೊಡ್ಡ ಕಿಟಕಿಗಳಿವೆಯೆಂದು ಕೇಳಿ ಸಂತೋಷವಾಯಿತು. ಇಂದಿನ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಆ ಕಿಟಕಿಯಿಂದ ಹೊರಗೆ ನೋಡುವ ಮಗುವಿದ್ದರೆ, ಅದು ಏನನ್ನು ನೋಡುತ್ತಿದೆಯೆಂದು ನೀವೂ ಒಮ್ಮೆ ಇಣುಕಿ ನೋಡಿರಿ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವ ಮೊದಲು ಆ ಮಗುವಿನ ಮನೆಯವರೆಗೆ ಹೋಗಿ ಬನ್ನಿರಿ.