ಮಣ್ಣಿನ ಕಿಲ್ಲಾಕ್ಕೆ ರಟ್ಟರ ಸೈನಿಕ

ದೀಪಾವಳಿ ಸಮೀಪಿಸಿತೆಂದರೆ ನಿಪ್ಪಾಣಿ, ಚಿಕ್ಕೋಡಿ, ಕಾಗವಾಡಗಳ ಓಣಿಗಳಲ್ಲಿ ಮಕ್ಕಳು ಕಿಲ್ಲಾ ಕಟ್ಟತೊಡಗುತ್ತಾರೆ. ಕಲ್ಲು ಇಟ್ಟಿಗೆಗಳ ರಾಶಿಯ ಮೇಲೆ ಕೆಸರಿನಲ್ಲಿ ಅದ್ದಿದ ಗೋಣಿತಟ್ಟು ಹೊದಿಸಿ, ಬುರುಜು ಮೆಟ್ಟಿಲುಗಳನ್ನು ತಿದ್ದಿ, ಹಸಿರು ಚಿಗುರಲೆಂದು ಸಾಸಿವೆ ಚೆಲ್ಲುತ್ತಾರೆ. ಶಿಖರದಲ್ಲಿ ಸಿಂಹಾಸನಾರೂಢನಾದ ಶಿವಾಜಿ ಮಹಾರಾಜ. ಕೆಳಗೆ ಪೇಟೆಯಿಂದ ತಂದ ಮಣ್ಣಿನ ಅಥವಾ ಪ್ಲಾಸ್ಟರಿನ ಮಾವಳೆ ಸೈನಿಕರು, ತೋಪುಗಳು, ಆನೆ, ಹುಲಿ. ಹುಲಿ ಆನೆಗಿಂತ ದೊಡ್ಡದಿದ್ದರೂ ಯಾರ ತಕರಾರೂ ಇಲ್ಲ. ಗಡಿಭಾಗದ ಈ ಆಚರಣೆಯಲ್ಲಿ ಮರಾಠಿ ಮನೆ, ಕನ್ನಡ ಮನೆ ಎಂಬ ಭೇದವೂ ಕಾಣುವುದಿಲ್ಲ.

ರಾಯಬಾಗ ಸೀಮೆಯ ಒಂದು ಶ್ರಾವಕ ಮನೆತನದಲ್ಲಿ ಇಂಥದೊಂದು ಕಿಲ್ಲಾ ಏಳುತ್ತಿದ್ದಾಗ ಮೊಮ್ಮಗ ಕೇಳಿದನು: "ಅಜ್ಜಾ, ಶಿವಾಜಿ ಮಹಾರಾಜರಕಿಂತ ಮೊದಲ ನಮ್ಮ ಕಡೆ ಸೈನಿಕರs ಇರಲಿಲ್ಲೇನು?"

ನಿವೃತ್ತ ಶಿಕ್ಷಕರಾದ ಅಜ್ಜನವರಿಗೆ ಈ ಪ್ರಶ್ನೆ ನಾಟಿತು. ಸವದತ್ತಿಯಿಂದಲೂ ಬಳಿಕ ವೇಣುಗ್ರಾಮದಿಂದಲೂ ಆಳಿದ ರಟ್ಟರ ನೆಲವಿದು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಬೆಳಗಾವಿಯ ಕೋಟೆಯೊಳಗೆ ಇಂದಿಗೂ ನಿಂತಿದೆ. ಆ ಅರಸರ ಸೈನಿಕನೊಬ್ಬನನ್ನಾದರೂ ಕಿಲ್ಲಾದ ಮೇಲೆ ನಿಲ್ಲಿಸೋಣವೆಂದು ಅವರು ನಿಶ್ಚಯಿಸಿದರು.

ರಟ್ಟರ ಸೈನಿಕ ಯಾವ ಅಂಗಡಿಯಲ್ಲಿ ಸಿಗಬೇಕು? ಮಾವಳೆಯನ್ನೇ ಮಾರ್ಪಡಿಸಬೇಕಾಯಿತು. ಆಟಿಕೆ ಸೈನಿಕರನ್ನು ಹಿಡಿದು ನೆಲದ ಮೇಲೆ ಯುದ್ಧವಾಡುವ ನಿಯಮಗಳನ್ನು ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವಾಗಿಯೇ ಬರೆದನು. ಆ ಪರಂಪರೆಯ ಹವ್ಯಾಸಿಗಳು ಇಂದು 28 ಮಿಲಿಮೀಟರ್ ಎತ್ತರದ ಬೊಂಬೆಗಳ ತಲೆ ತೋಳುಗಳನ್ನು ಕತ್ತರಿಸಿ ಜೋಡಿಸಿ ಬೇರೊಂದು ಕಾಲದ ಯೋಧರನ್ನಾಗಿಸುತ್ತಾರೆ. ಅಜ್ಜನವರ ಸಾಮಗ್ರಿ ಮಾತ್ರ ಮನೆಯದೇ: ಚಾಕು, ಉಸುಕಿನ ಕಾಗದ, ತಂತಿ, ಮತ್ತು ಕಿನ್ನಾಳದ ಬೊಂಬೆಗಾರರು ಬಳಸುವಂತೆ ಹುಣಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿದ ಕಣಕ.

ಆಕಾರಕ್ಕೆ ವೀರಗಲ್ಲುಗಳೇ ಪ್ರಮಾಣ. ಅಲ್ಲಿನ ಯೋಧನಿಗೆ ಮಾವಳೆಯ ಪಗಡಿಯಿಲ್ಲ, ನೆರಿಗೆಯ ಅಂಗಿಯಿಲ್ಲ. ಬಹುಮಟ್ಟಿಗೆ ಬರಿಮೈ, ಬಿಗಿದುಟ್ಟ ಗಿಡ್ಡ ವಸ್ತ್ರ, ಕಟ್ಟಿದ ಮುಡಿ. ಪಗಡಿ ಹೆರೆಯುವಾಗ ಮೊದಲ ಸೈನಿಕನ ಕಿವಿ ಹೋಯಿತು. ಎರಡನೆಯವನ ಮಣಿಕಟ್ಟೇ ಮುರಿಯಿತು. ಮೂರನೆಯವನ ತೋಳಿಗೆ ತಂತಿ ತೂರಿಸಿ, ಅಂಗಿಯ ನೆರಿಗೆ ಉಜ್ಜಿ ಎದೆ ತೆಗೆದು, ಕಣಕದಿಂದ ಮುಡಿ ಕೂಡಿಸಿ ಎರಡು ದಿನ ನೆರಳಿನಲ್ಲಿ ಒಣಗಿಸಿದರು. ಕೆಮ್ಮಣ್ಣಿಗೆ ತುಸು ಕಾಡಿಗೆ ಬೆರೆಸಿ ಮೈಬಣ್ಣ. ಅದು ಒಣಗಿದ ಮೇಲೆ ತೆಳುವಾದ ಕಪ್ಪುನೀರನ್ನು ಹರಿಸಿ ಒರೆಸಿದಾಗ ತಗ್ಗಿನಲ್ಲಷ್ಟೇ ಕಪ್ಪು ಉಳಿದು ಪಕ್ಕೆಲುಬು ಎದ್ದು ಕಂಡಿತು.

ತೊಡಕು ಬಂದದ್ದು ಗುರಾಣಿಯಲ್ಲಿ. ಕಲ್ಲು ಆಕಾರವನ್ನು ಕಾಯ್ದುಕೊಂಡು ಬರುತ್ತದೆ, ಬಣ್ಣವನ್ನಲ್ಲ. ರಟ್ಟರ ಬಿರುದಾವಳಿಯಲ್ಲಿ ಸುವರ್ಣಗರುಡಧ್ವಜವಿದೆ. ಆದ್ದರಿಂದ ಬಾವುಟಕ್ಕೆ ಚಿನ್ನದ ಗರುಡನನ್ನು ಬರೆಯಲು ಅಜ್ಜನವರು ಅನುಮಾನಿಸಲಿಲ್ಲ. ಲಾಂಛನದ ಮಾತು ಹಾಗಲ್ಲ. 'ಸಿಂದೂರ' ಎಂದು ಓದಿದರೆ ಕೆಂಪು ಪುಡಿ. 'ಸಿಂಧುರ' ಎಂದರೆ ಆನೆ. ಒಂದು ಮಹಾಪ್ರಾಣ, ಒಂದು ದೀರ್ಘ, ಇಷ್ಟರ ಮೇಲೆ ಗುರಾಣಿಯ ಚಿತ್ರವೇ ಬದಲಾಗುತ್ತದೆ. ಆನೆಯೆಂಬ ಪಾಠವೇ ಅಜ್ಜನವರಿಗೆ ಒಪ್ಪಿತವಾಗಿತ್ತು. ಆದರೆ ಅರಸನ ಲಾಂಛನ ಸಾಮಾನ್ಯ ಕಾಲಾಳಿನ ಗುರಾಣಿಗೆ ಇಳಿದು ಬಂದಿತ್ತೆನ್ನಲು ಆಧಾರವೆಲ್ಲಿ? ಗುರಾಣಿಯನ್ನು ಬರಿದಾಗಿಯೇ ಬಿಡೋಣವೆಂದರು. ಗೆಳೆಯರ ಮಾವಳೆಗಳ ಗುರಾಣಿ ಥಳಥಳಿಸುತ್ತಿರುವಾಗ ತನ್ನ ಯೋಧನದು ಬೋಳಾಗಿರುವುದು ಮೊಮ್ಮಗನಿಗೆ ಸಹಿಸದಾಯಿತು.

ಅಜ್ಜಿಯ ಆಕ್ಷೇಪ ಬೇರೆಯದೇ. ಮಹಾವೀರ ಸ್ವಾಮಿಯ ನಿರ್ವಾಣದ ದಿನ ಮನೆಯಂಗಳದಲ್ಲಿ ಕತ್ತಿ ಹಿರಿದವರೇಕೆ? ಅಜ್ಜನವರು ಶಾಸ್ತ್ರ ತೆಗೆದರು: ಶ್ರಾವಕನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ, ನಾಡು ಮನೆಗಳ ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯ ಮಾತು ಬೇರೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ದಂಡನಾಯಕನಲ್ಲವೇ? ಅಜ್ಜಿ ಎಲ್ಲವನ್ನೂ ಕೇಳಿ, "ಬಣ್ಣಾ ಹಚ್ಚರಿ, ರಕ್ತಾ ಹಚ್ಚಬ್ಯಾಡ್ರಿ" ಎಂದಷ್ಟೇ ಹೇಳಿದರು. ವಾದದಲ್ಲಿ ಗೆದ್ದವರು ಯಾರೆಂದು ಹೇಳುವುದು ಕಷ್ಟ. ಕತ್ತಿ ಮಾತ್ರ ಒರೆಯೊಳಗೆ ಸೇರಿತು.

ಅಮಾವಾಸ್ಯೆಯ ಬೆಳಗ್ಗೆ ನಿರ್ವಾಣ ಲಾಡು ಹಿಡಿದು ಬಸದಿಗೆ ಹೊರಟ ಅಜ್ಜನವರು ಅಂಗಳದಲ್ಲಿ ನಿಂತರು. ರಾತ್ರಿಯೇ ಯಾರೋ ಗುರಾಣಿಯ ಮೇಲೆ ಆನೆಯೊಂದನ್ನು ಬರೆದಿದ್ದರು, ಅಪ್ಪಟ ಸಿಂದೂರದಲ್ಲಿ. ಎರಡೂ ಪಾಠಗಳನ್ನು ಒಟ್ಟಿಗೆ ಉಳಿಸಿಕೊಂಡ ಆ ಸಂಪಾದನೆಯನ್ನು ಯಾವ ವಿದ್ವಾಂಸನೂ ಒಪ್ಪಲಾರನು. ಅವರಿಗೆ ನಗು ಬಂತು; ಒರೆಸಲು ಕೈ ಬರಲಿಲ್ಲ.

ಬಸದಿಯಿಂದ ಮರಳಿದ ಮೇಲೆ ಸಣ್ಣ ಕುಂಚ ತೆಗೆದುಕೊಂಡು ಸೈನಿಕನ ಪೀಠದ ಅಂಚಿಗೆ ಬರೆದರು: 'ಬಾವುಟ ಶಾಸನದಂತೆ. ಗುರಾಣಿ ಊಹೆ.' ಕಿಲ್ಲಾ ನೋಡಲು ಬಂದ ಓಣಿಯ ಹುಡುಗರು ಅದನ್ನು ಓದಿ, ಊಹೆ ಎಂದರೆ ಯಾವ ಊರಿನ ರಾಜ ಎಂದು ಮೊಮ್ಮಗನನ್ನು ಕೇಳುತ್ತಿದ್ದರು.