ಟಿಕೆಟ್ ಇಲ್ಲದೆ ಬಂದ ಏಡಿ

ಮಕ್ಕಳೇ, ಗದ್ದೆಯ ಬದುವಿನಲ್ಲೋ ಹಳ್ಳದ ಕಲ್ಲಿನ ಸಂದಿಯಲ್ಲೋ ನೀವು ಏಡಿಯನ್ನು ನೋಡಿರುತ್ತೀರಿ. ಅದಕ್ಕೆ ಎಷ್ಟು ಕಾಲುಗಳಿವೆ ಎಂದು ಎಂದಾದರೂ ಎಣಿಸಿದ್ದೀರಾ? ನಾನು ಎಣಿಸಿರಲಿಲ್ಲ. ವಿಜ್ಞಾನದ ಮೇಷ್ಟ್ರಾಗಿದ್ದರೂ ಎಣಿಸಿರಲಿಲ್ಲ. ಅದರಿಂದ ಒಂದು ತಪ್ಪು ಮಾಡಿದೆ. ಆ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

2019ರ ಬೇಸಿಗೆ ರಜೆಯಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿರುವ ನನ್ನ ಅಣ್ಣನ ಮನೆಗೆ ಹೋಗಿದ್ದೆ. ಅವನಿರುವುದು ಸಮುದ್ರ ತೀರದ ಟ್ಯಾಂಪಾ ನಗರದಲ್ಲಿ. ಮನೆಯ ನಡುಮನೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ ಇತ್ತು. ಅದರಲ್ಲಿದ್ದದ್ದು ಸಿಹಿನೀರಲ್ಲ, ಉಪ್ಪುನೀರು. ಸಮುದ್ರದ ನೀರಿನಲ್ಲಿರುವಂತೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದರಲ್ಲಿ ಬಣ್ಣದ ಮೀನುಗಳು, ಹವಳಗಳು, ಗಾಜಿನ ಮೇಲಿನ ಪಾಚಿಯನ್ನು ತಿಂದು ಸ್ವಚ್ಛ ಮಾಡುವ ಪುಟ್ಟ ಬಸವನಹುಳುಗಳು ಇದ್ದವು. ಹವಳ ನೋಡಲು ಗಿಡದಂತೆಯೂ ಕಲ್ಲಿನಂತೆಯೂ ಕಾಣುತ್ತದೆ. ಆದರೆ ಅದು ಪ್ರಾಣಿ ಎಂಬುದು ನಿಮಗೆ ನೆನಪಿರಲಿ.

ತೊಟ್ಟಿಯ ತಳದಲ್ಲಿ ತೂತುತೂತಾದ ಕಲ್ಲುಗಳನ್ನು ಜೋಡಿಸಿದ್ದರು. ಇವಕ್ಕೆ 'ಲೈವ್ ರಾಕ್', ಅಂದರೆ ಜೀವಶಿಲೆ ಎನ್ನುತ್ತಾರೆ. ಕಲ್ಲಿಗೆ ಜೀವವೆಲ್ಲಿಂದ ಬಂತು ಎಂದು ಕೇಳುತ್ತೀರಾ? ಅಲ್ಲಿನ ಕೆಲವರು ಸುಣ್ಣಕಲ್ಲುಗಳನ್ನು ಮೆಕ್ಸಿಕೋ ಕೊಲ್ಲಿಯ ತಳದಲ್ಲಿ ಇಳಿಸಿ, ಬೆಳೆ ಬೆಳೆದಂತೆ ಕೆಲವು ವರ್ಷ ಬಿಡುತ್ತಾರೆ. ಕಲ್ಲಿನ ಮೇಲೆ ಬ್ಯಾಕ್ಟೀರಿಯಾ, ಪಾಚಿ, ಸ್ಪಂಜು, ಹುಳುಗಳು ನೆಲೆಸುತ್ತವೆ. ಮೀನಿನ ತ್ಯಾಜ್ಯದಿಂದ ಅಮೋನಿಯಾ ಎಂಬ ವಿಷ ಉಂಟಾಗುತ್ತದೆ. ಈ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಹಾಗಾಗಿ ಜೀವಶಿಲೆ ತೊಟ್ಟಿಯ ನೀರನ್ನು ಶುದ್ಧ ಮಾಡುವ ಯಂತ್ರವಿದ್ದಂತೆ.

ಆದರೆ ಆ ಕಲ್ಲಿನ ಸಂದಿಗಳಲ್ಲಿ ಅಡಗಿಕೊಂಡು, ಯಾರೂ ಕರೆಯದ ಅತಿಥಿಗಳೂ ಬರುತ್ತಾರೆ. ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಕುಳಿತ ಪ್ರಯಾಣಿಕರಂತೆ!

ನಾನು ಹೋದ ವಾರವೇ ಅಣ್ಣ ಹೊಸ ಕಲ್ಲು ತಂದು ಹಾಕಿದ್ದ. ಕೆಲವೇ ದಿನಗಳಲ್ಲಿ ಬಸವನಹುಳುಗಳು ಕಡಿಮೆಯಾಗತೊಡಗಿದವು. ಬೆಳಿಗ್ಗೆ ನೋಡಿದರೆ ಮರಳಿನ ಮೇಲೆ ಒಡೆದ ಚಿಪ್ಪು ಮಾತ್ರ. ಒಂದು ಸಂಜೆ ಕಲ್ಲಿನ ಸಂದಿಯಿಂದ ಕಡಲೆಬೀಜದಷ್ಟು ದೊಡ್ಡ ಏಡಿಯೊಂದು ಇಣುಕಿತು. ಮೈಗಿಂತ ದೊಡ್ಡದಾಗಿ ಕಾಣುವ ಚಪ್ಪಟೆ ಇಕ್ಕಳಗಳು! "ಕಳ್ಳ ಸಿಕ್ಕಿದ" ಎಂದು ನಾನು ಚಿಮುಟದಿಂದ ಅದನ್ನು ಹಿಡಿದು, ನಲ್ಲಿ ನೀರು ತುಂಬಿದ ಬಟ್ಟಲಿಗೆ ಹಾಕಿಬಿಟ್ಟೆ. ಸಮುದ್ರದ ಏಡಿ ಸಿಹಿನೀರಿನಲ್ಲಿ ಬದುಕಲಾರದು. ಅದರ ಮೈಯೊಳಗೆ ಉಪ್ಪು ಹೆಚ್ಚಾಗಿರುವುದರಿಂದ ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅದರ ಅಲುಗಾಟ ನಿಂತಿತು.

ಏಳನೇ ತರಗತಿ ಓದುತ್ತಿದ್ದ ಅಣ್ಣನ ಮಗಳು ಇದನ್ನೆಲ್ಲ ನೋಡುತ್ತ ನಿಂತಿದ್ದಳು. "ಚಿಕ್ಕಪ್ಪ, ಬಸವನಹುಳುಗಳನ್ನು ತಿಂದದ್ದು ಇದೇ ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅವಳು ಭೂತಕನ್ನಡಿ ತಂದು ಸತ್ತ ಏಡಿಯನ್ನು ನೋಡತೊಡಗಿದಳು. ಇಕ್ಕಳ ಎರಡು, ನಡೆಯುವ ಕಾಲು ಆರು. ಒಟ್ಟು ಎಂಟೇ! ಏಡಿಗೆ ಇಕ್ಕಳವೂ ಸೇರಿ ಐದು ಜೊತೆ, ಅಂದರೆ ಹತ್ತು ಕಾಲುಗಳಿರಬೇಕು. ಇನ್ನೊಂದು ಜೊತೆ ಎಲ್ಲಿ? ಹುಡುಕಿದಾಗ ಬೆನ್ನಿನ ಚಿಪ್ಪಿನ ಹಿಂಭಾಗದಲ್ಲಿ ದಾರದಂತಹ ಎರಡು ಪುಟ್ಟ ಕಾಲುಗಳು ಮಡಚಿಕೊಂಡಿದ್ದವು. ಮೀಸೆಗಳು ಮೈಗಿಂತ ಉದ್ದ. ಬಾಯಿಯ ಬಳಿ ಬೀಸಣಿಗೆಯಂತಹ ಕೂದಲಿನ ಗೊಂಚಲು. ಪುಸ್ತಕದ ಚಿತ್ರಗಳೊಂದಿಗೆ ಹೋಲಿಸಿ ನೋಡಿದೆವು. ಅದು ಪೋರ್ಸ್‌ಲೇನ್ ಏಡಿ, ಅಂದರೆ ಪಿಂಗಾಣಿ ಏಡಿ! ನೋಡಲು ಏಡಿಯಂತಿದ್ದರೂ ಇದು ನಿಜವಾದ ಏಡಿಗಳ ಗುಂಪಿಗೆ ಸೇರಿದ್ದಲ್ಲ. ಬಾಯಿಯ ಬೀಸಣಿಗೆಯನ್ನು ನೀರಿನಲ್ಲಿ ಬೀಸುತ್ತ, ತೇಲಿಬರುವ ಸಣ್ಣ ಕಣಗಳನ್ನು ಸೋಸಿ ತಿನ್ನುತ್ತದೆ. ಬಸವನಹುಳುವಿನ ಗಟ್ಟಿ ಚಿಪ್ಪು ಒಡೆಯುವುದು ಇದರ ಕೆಲಸವೇ ಅಲ್ಲ.

ನಿರಪರಾಧಿಯನ್ನು ಕೊಂದಿದ್ದೆ. ಅಂದು ರಾತ್ರಿ ನನಗೆ ಊಟ ರುಚಿಸಲಿಲ್ಲ. ಮರುದಿನ ಬೆಳಿಗ್ಗೆ ತೊಟ್ಟಿಯಲ್ಲಿ ಮತ್ತೊಂದು ಒಡೆದ ಚಿಪ್ಪು ಬಿದ್ದಿತ್ತು.

"ಈ ಸಲ ಮೊದಲು ನೋಡೋಣ, ಆಮೇಲೆ ಹಿಡಿಯೋಣ" ಎಂದಳು ಹುಡುಗಿ. ಟಾರ್ಚಿಗೆ ಕೆಂಪು ಹಾಳೆ ಸುತ್ತಿದೆವು. ಕೆಂಪು ಬೆಳಕು ಏಡಿಗಳಿಗೆ ಅಷ್ಟಾಗಿ ಕಾಣದು, ಆದ್ದರಿಂದ ಅವು ಹೆದರಿ ಓಡುವುದಿಲ್ಲ. ರಾತ್ರಿ ದೀಪ ಆರಿಸಿ ತೊಟ್ಟಿಯ ಮುಂದೆ ಕುಳಿತೆವು. ಅವಳ ಕೈಯಲ್ಲಿ ನೋಟ್‌ಬುಕ್ಕು.

ಮೂರನೆಯ ರಾತ್ರಿ ಕಂದು ಬಣ್ಣದ, ಮೈತುಂಬ ಕೂದಲಿರುವ ಏಡಿ ಹೊರಬಂತು. ದಪ್ಪ ಇಕ್ಕಳ, ಅದರ ತುದಿ ಕಪ್ಪು. "ಕಪ್ಪು ತುದಿ ಇದ್ದರೆ ಬೇಟೆಗಾರನೇ ಅಲ್ಲವೇ?" ಎಂದೆ. "ಅಷ್ಟಕ್ಕೇ ಹೇಳಲಾಗದು ಚಿಕ್ಕಪ್ಪ, ಕಪ್ಪು ತುದಿಯಿದ್ದೂ ಪಾಚಿ ತಿನ್ನುವ ಏಡಿಗಳಿವೆಯಂತೆ" ಎಂದಳು. ಸುಮ್ಮನೆ ಕಾದೆವು. ಏಡಿ ಒಂದು ಬಸವನಹುಳುವನ್ನು ಹಿಡಿದು, ಅಡಕೆ ಕತ್ತರಿಯಲ್ಲಿ ಅಡಕೆ ಕತ್ತರಿಸುವಂತೆ ಚಿಪ್ಪಿನ ಅಂಚನ್ನು ಚೂರುಚೂರಾಗಿ ಮುರಿಯಿತು. ಈಗ ಸಾಕ್ಷಿ ಸಿಕ್ಕಿತು. ಅಲ್ಲಿ ಅಕ್ವೇರಿಯಂ ಇಟ್ಟವರು ಇಂಥ ಕೂದಲಿನ ಏಡಿಗಳನ್ನು 'ಗೊರಿಲ್ಲಾ ಏಡಿ' ಎಂದು ಕರೆಯುತ್ತಾರೆ.

ಹಿಡಿಯುವುದು ಹೇಗೆ? ಗಾಜಿನ ಲೋಟದೊಳಗೆ ಸೀಗಡಿ ತುಂಡೊಂದನ್ನು ಹಾಕಿ, ಕಲ್ಲಿಗೆ ಒರಗಿಸಿ ಇಟ್ಟೆವು. ವಾಸನೆ ಹಿಡಿದು ಬಂದ ಏಡಿ ಒಳಗೆ ಇಳಿಯಿತು. ಗಾಜು ನುಣುಪಾದ್ದರಿಂದ ಮೇಲೆ ಹತ್ತಲಾಗಲಿಲ್ಲ. ಅದನ್ನು ಕೊಲ್ಲಲಿಲ್ಲ. ಉಪ್ಪುನೀರಿನ ಬೇರೊಂದು ಚಿಕ್ಕ ತೊಟ್ಟಿಗೆ ಬಿಟ್ಟೆವು. ಸಮುದ್ರಕ್ಕೂ ಎಸೆಯಲಿಲ್ಲ. ತೊಟ್ಟಿಯಲ್ಲಿದ್ದ ಜೀವಿಯನ್ನು ಸಮುದ್ರಕ್ಕೆ ಬಿಟ್ಟರೆ ಹೊಸ ತೊಂದರೆ ಹುಟ್ಟಬಹುದು. ಬೇರೆ ಸಾಗರಗಳ ಲಯನ್ ಮೀನು 1985ರಲ್ಲಿ ಫ್ಲೋರಿಡಾದ ಸಮುದ್ರದಲ್ಲಿ ಕಾಣಿಸಿಕೊಂಡಿತು. ಅದು ಅಕ್ವೇರಿಯಂಗಳಿಂದಲೇ ಅಲ್ಲಿಗೆ ಸೇರಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಈಗ ಅದು ಅಲ್ಲಿನ ಸಣ್ಣ ಮೀನುಗಳನ್ನು ತಿಂದು ಹಾವಳಿ ಮಾಡುತ್ತಿದೆ.

ನಾನು ಊರಿಗೆ ಮರಳಿದ ಮೇಲೆ ಹುಡುಗಿಯಿಂದ ಒಂದು ಚಿತ್ರ ಬಂತು. ಒಂದು ಬೆಳಿಗ್ಗೆ ಚಿಕ್ಕ ತೊಟ್ಟಿಯಲ್ಲಿ ಏಡಿ ಸತ್ತು ಬಿದ್ದಂತೆ ಕಂಡಿತಂತೆ. ಹತ್ತಿರ ನೋಡಿದರೆ ಒಳಗೆ ಏನೂ ಇಲ್ಲ, ಬರೀ ಪೊರೆ! ಏಡಿಯ ಹೊರಚಿಪ್ಪು ಬೆಳೆಯುವುದಿಲ್ಲ. ಆದ್ದರಿಂದ ಅದು ಹಳೆಯದನ್ನು ಕಳಚಿ ಹೊಸ ಚಿಪ್ಪು ಪಡೆಯುತ್ತದೆ. ಆ ಪೊರೆಯನ್ನು ಎದುರಿಗಿಟ್ಟುಕೊಂಡು ಅವಳು ಚಿತ್ರ ಬರೆದಿದ್ದಳು. ಹತ್ತು ಕಾಲುಗಳಿಗೂ ಒಂದರಿಂದ ಹತ್ತರವರೆಗೆ ಸಂಖ್ಯೆ ಹಾಕಿದ್ದಳು.

ಆ ಚಿತ್ರ ಈಗ ನಮ್ಮ ಶಾಲೆಯ ಗೋಡೆಯ ಮೇಲಿದೆ. ನಮ್ಮ ದೇಶದಲ್ಲಿ ಹವಳಗಳಿಗೆ ಕಾನೂನಿನ ರಕ್ಷಣೆ ಇದೆ. ಆದ್ದರಿಂದ ಸಮುದ್ರದಿಂದ ಅವನ್ನು ಕಿತ್ತು ತರುವಂತಿಲ್ಲ. ಆದರೆ ಏಡಿಯನ್ನು ಗುರುತಿಸಲು ಕಲಿಯುವುದಕ್ಕೆ ಹವಳದ ತೊಟ್ಟಿ ಬೇಕಾಗಿಲ್ಲ. ಮಳೆಗಾಲದಲ್ಲಿ ಗದ್ದೆಯ ಬದಿ ಕುಳಿತು ದೂರದಿಂದಲೇ ನೋಡಿ. ಕಾಲುಗಳನ್ನು ಎಣಿಸಿ. ಎರಡು ಇಕ್ಕಳಗಳೂ ಒಂದೇ ಗಾತ್ರವೇ? ಮೀಸೆ ಉದ್ದವೋ ಗಿಡ್ಡವೋ? ಅದು ಏನು ತಿನ್ನುತ್ತಿದೆ? ಕಂಡದ್ದನ್ನೆಲ್ಲ ಬರೆದುಕೊಳ್ಳಿ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಮಾನ ಆಮೇಲೆ ಮಾಡಿದರಾಯಿತು.